ರೋಗಿ ಗಮನಿಸಿಲ್ಲ

ಗಂಗಾವತಿಯ ಒಂದು ಆಸ್ಪತ್ರೆಯಲ್ಲಿ ಹೊಟ್ಟೆಯ ರೋಗಿಗಳನ್ನು ನೋಡಿಕೊಳ್ಳುವ ನರ್ಸು ನಾನು. ಈ ಕೆಲಸಕ್ಕೆ ಸೇರಿ ಹನ್ನೊಂದು ವರ್ಷವಾಯಿತು. ಎಂಡೋಸ್ಕೋಪಿ ರೂಮು ಎಂದು ಬಾಗಿಲ ಮೇಲೆ ಬರೆದಿದ್ದರೂ ಬರುವ ಜನ ಅದನ್ನು ಪೈಪು ಬಿಡೋ ಖೋಲಿ ಎನ್ನುತ್ತಾರೆ. ಬಾಯಿಂದ ಕರಿ ಪೈಪು ಇಳಿಸಿ, ಅದರ ತುದಿಯ ಕ್ಯಾಮೆರಾದಿಂದ ಹೊಟ್ಟೆಯ ಒಳಗನ್ನು ಟೀವಿಯಲ್ಲಿ ನೋಡುವುದು ಡಾಕ್ಟರ ಕೆಲಸ. ಅದಕ್ಕೂ ಮುಂಚೆ ರೋಗಿಯನ್ನು ಕೂರಿಸಿಕೊಂಡು, ಕೇಳಬೇಕಾದ್ದನ್ನೆಲ್ಲ ಕೇಳಿ, ಹೊಟ್ಟೆ ಮುಟ್ಟಿ ನೋಡಿ, ಕೇಸ್ ಶೀಟಿನಲ್ಲಿ ಬರೆಯುವುದು ನನ್ನ ಕೆಲಸ. ಹಸಿವು ಹೇಗಿದೆ, ತೂಕ ಇಳಿದಿದೆಯೇ, ನೋವು ಉಂಡ ಮೇಲೆ ಬರುತ್ತದೋ ಉಣ್ಣುವ ಮೊದಲೋ, ವಾಂತಿಯಾದರೆ ಏನು ಬೀಳುತ್ತದೆ. ಕೊನೆಯ ಪ್ರಶ್ನೆ, ಸಂಡಾಸ ಯಾವ ಬಣ್ಣದಲ್ಲಿ ಆಗುತ್ತದೆ. ಆ ಕೊನೆಯ ಪ್ರಶ್ನೆಯ ಬಗ್ಗೆ ಬರೆಯಲು ಕೂತಿದ್ದೇನೆ. ಬರೆದು ಏನೂ ಆಗುವುದಿಲ್ಲವೆಂದು ನನಗೆ ಗೊತ್ತಿದೆ.

ನನಗೆ ಸಿಟ್ಟು ಬೇಗ ಬರುತ್ತದೆ. ಈ ಕೆಲಸದಲ್ಲಿ ಸಿಟ್ಟು ಬರಲು ಕಾರಣಗಳಿಗೇನೂ ಬರವಿಲ್ಲ. ಪೈಪು ಬಿಡುವ ದಿನ ಬೆಳಿಗ್ಗೆಯಿಂದ ಏನೂ ತಿನ್ನಬಾರದು, ನೀರೂ ಕುಡಿಯಬಾರದು ಎಂದು ಹಿಂದಿನ ದಿನ ಮೂರು ಸಲ ಹೇಳಿ ಕಳಿಸುತ್ತೇವೆ. ಬೆಳಿಗ್ಗೆ ಬಂದವರನ್ನು ಕೇಳಿದರೆ ಏನೂ ತಿಂದಿಲ್ಲ ಎಂದು ದೇವರ ಮೇಲೆ ಆಣೆ ಮಾಡುತ್ತಾರೆ. ಪೈಪು ಒಳಗೆ ಹೋದ ಮೇಲೆ ನೋಡಿದರೆ ಟೀವಿಯ ತುಂಬ ಮಂಡಕ್ಕಿ ಒಗ್ಗರಣೆ. ನಮ್ಮ ಕಡೆಯ ಜನರ ಪ್ರಕಾರ ಚಹಾ ಕುಡಿದರೆ ಅದು ತಿಂದಂತಲ್ಲ, ಒಗ್ಗರಣೆ ತಿಂದರೆ ಊಟವಲ್ಲ, ಎಲೆ ಅಡಿಕೆ ತಂಬಾಕಂತೂ ಏನೂ ಅಲ್ಲ. ನಾನು ಬೈಯುತ್ತೇನೆ, ಅವರು ನಗುತ್ತಾರೆ, ಮರುದಿನ ಮತ್ತೆ ಬರುತ್ತಾರೆ. ಸಂಡಾಸದ ಪರೀಕ್ಷೆಗೆಂದು ಸಣ್ಣ ಪ್ಲಾಸ್ಟಿಕ್ ಡಬ್ಬಿ ಕೊಟ್ಟರೆ ಅದನ್ನು ಮೂರು ಚೀಲದೊಳಗೆ ಸುತ್ತಿ, ಸೆರಗಿನ ಕೆಳಗೆ ಮುಚ್ಚಿಕೊಂಡು ತಂದು, ಯಾರೂ ನೋಡದಾಗ ಕಿಟಕಿಯ ಮೇಲಿಟ್ಟು ಓಡಿಹೋಗುತ್ತಾರೆ. ಯಾರದೆಂದು ಡಬ್ಬಿಯ ಮೇಲೆ ಹೆಸರಿರುವುದಿಲ್ಲ. ಇದು ಯಾರದೆಂದು ಕೂಗಿ ಕೇಳಿದರೆ ಕೂತವರಲ್ಲಿ ಒಬ್ಬರೂ ತಮ್ಮದೆಂದು ಒಪ್ಪುವುದಿಲ್ಲ.

ಬಣ್ಣದ ಪ್ರಶ್ನೆ ಯಾಕೆ ಮುಖ್ಯವೆಂದರೆ, ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಸೋರುತ್ತಿದ್ದರೆ ಅದು ಕರುಳಿನುದ್ದಕ್ಕೂ ಇಳಿದು ಹೊರಗೆ ಬರುವಷ್ಟರಲ್ಲಿ ಕಪ್ಪಾಗಿರುತ್ತದೆ. ಕಪ್ಪು, ಜಿಗುಟು, ಕೆಟ್ಟ ವಾಸನೆ. ಡಾಂಬರಿನ ಹಾಗೆ ಎಂದು ನರ್ಸಿಂಗ್ ಕಾಲೇಜಿನಲ್ಲಿ ನಮಗೆ ಬಾಯಿಪಾಠ ಮಾಡಿಸಿದ್ದರು. ಅದೊಂದು ಗೊತ್ತಾದರೆ ಎಷ್ಟೋ ಸಲ ರೋಗ ಹೊಟ್ಟೆಯಲ್ಲಿ ಎಲ್ಲಿದೆ ಎಂದು ಪೈಪು ಬಿಡುವ ಮೊದಲೇ ಅಂದಾಜು ಸಿಗುತ್ತದೆ. ಆದರೆ ಕೇಳಿದ ಕೂಡಲೇ ಗಂಡಸರು ಛಲೋ ಆಗ್ತೈತ್ರಿ ಎಂದು ಗೋಡೆ ನೋಡುತ್ತಿದ್ದರು. ಹೆಂಗಸರು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಸಾಫ್ ಆಗ್ತೈತ್ರಿ ಎನ್ನುತ್ತಿದ್ದರು. ನಾನು ಶೀಟಿನಲ್ಲಿ ಸಹಜ ಎಂದು ಬರೆದು ಮುಂದಿನವರನ್ನು ಕರೆಯುತ್ತಿದ್ದೆ. ಎರಡು ವರ್ಷ ಹಾಗೆಯೇ ಬರೆದೆ.

ಒಂದು ದಿನ ಕುಷ್ಟಗಿ ಕಡೆಯ ಮುದುಕಿಯೊಬ್ಬಳು ಬಂದಿದ್ದಳು. ಸಹಜ ಎಂದೇ ಬರೆದಿದ್ದೆ. ಪೈಪು ಬಿಟ್ಟರೆ ಹುಣ್ಣಿನಿಂದ ರಕ್ತ ಸೋರುತ್ತಿದೆ, ಅದೂ ಹಳೆಯ ಹುಣ್ಣು. ನಮ್ಮ ಡಾಕ್ಟರು ಮೈಸೂರು ಕಡೆಯವರು, ಮಾತು ಮೆತ್ತಗಿದ್ದರೂ ತಪ್ಪಿಗೆ ಬಿಡುವವರಲ್ಲ. ಸರಿಯಾಗಿ ಕೇಳಿದಿರಾ ಎಂದು ನನ್ನನ್ನು ಗದರಿಸಿದರು. ನಾನು ಆ ಸಿಟ್ಟನ್ನು ಮುದುಕಿಯ ಮೇಲೆ ತೀರಿಸಿಕೊಂಡೆ, ಯಾಕೆ ಸುಳ್ಳು ಹೇಳಿದೆ ಎಂದೆ. ಆಕೆಗೆ ಬೇಜಾರೂ ಆಗಲಿಲ್ಲ. "ಸುಳ್ಳಲ್ಲವಾ," ಅಂದಳು. "ನೋಡಬೇಕಂದ್ರ ಕಾಣಬೇಕಲ್ಲ. ನಾವು ಹೋಗೋದು ಕತ್ತಲದಾಗ."

ಆಯಾ, ಡಾಕ್ಟರು ಎಲ್ಲ ನಕ್ಕರು. ನನಗೆ ನಗು ಬರಲಿಲ್ಲ, ಯಾಕೆಂದರೆ ನಾನೂ ಹಾಗೆ ಹೋದವಳೇ. ನಮ್ಮೂರು ಯಲಬುರ್ಗಾ ಕಡೆಯದು. ಊರಿನ ಹೆಂಗಸರು ಬಯಲಿಗೆ ಹೋಗುವುದು ನಸುಕು ಹರಿಯುವ ಮೊದಲು, ಇಲ್ಲವೆಂದರೆ ದೀಪ ಹಚ್ಚಿದ ಮೇಲೆ. ಹಗಲು ಹೊತ್ತು ಹೊಟ್ಟೆ ಕಿವುಚಿದರೂ ತಡೆದುಕೊಳ್ಳಬೇಕು. ತಂಬಿಗೆ ಹಿಡಿದು ನಾಲ್ಕೈದು ಜನ ಕೂಡಿ ಜಾಲಿ ಕಂಟಿಯ ಮರೆಗೆ ಹೋಗುತ್ತಾರೆ, ಹಾವು ಚೇಳಿನ ಭಯಕ್ಕೆ ಕಾಲು ಬಡಿಯುತ್ತ ನಡೆಯುತ್ತಾರೆ. ಅತ್ತೆಯ ಮೇಲಿನ ದೂರು, ಗಂಡನ ಕುಡಿತ, ಮಗಳ ಮದುವೆ ಎಲ್ಲ ಅಲ್ಲೇ ಮಾತಾಗುತ್ತದೆ. ಈಗ ಮನೆಮನೆಗೆ ಸಂಡಾಸ ಕಟ್ಟಿಸಿಕೊಟ್ಟಿದ್ದಾರೆ. ನಮ್ಮ ಮನೆಯದರಲ್ಲಿ ಕುಳ್ಳು ಮತ್ತು ಹತ್ತಿ ಕಟ್ಟಿಗೆ ತುಂಬಿರುತ್ತಿದ್ದವು. ಹೀಗೆ ಹುಟ್ಟಿದಾಗಿನಿಂದ ಕತ್ತಲಲ್ಲಿ ಹೋಗಿ ಕತ್ತಲಲ್ಲಿ ಬರುವ ಹೆಂಗಸನ್ನು ಟ್ಯೂಬ್‌ಲೈಟಿನ ಕೆಳಗೆ ಕೂರಿಸಿಕೊಂಡು ಯಾವ ಬಣ್ಣ ಎಂದು ಕೇಳಿ ಸಹಜ ಎಂದು ಬರೆದುಕೊಂಡಿದ್ದೆ, ಅದೂ ಅಂಥದೇ ಊರಿನಲ್ಲಿ ಹುಟ್ಟಿದ ನಾನು.

ಅವತ್ತಿನಿಂದ ಕೇಳುವ ರೀತಿ ಬದಲಿಸಿದೆ. ಎರಡು ದಿನ ಹಗಲು ಹೊತ್ತು ಹೋಗಿ, ಬೆಳಕಲ್ಲಿ ನೋಡಿಕೊಂಡು ಬನ್ನಿ ಎಂದು ಹೇಳಿ ಕಳಿಸಲು ಸುರು ಮಾಡಿದೆ. ನಮ್ಮ ಆಸ್ಪತ್ರೆಯ ಸಂಡಾಸದಲ್ಲಿ ದೊಡ್ಡ ಬಲ್ಬು ಹಾಕಿಸಿದೆ. ಡಾಕ್ಟರು ಬೇರೆ ನರ್ಸುಗಳ ಮುಂದೆ ನನ್ನನ್ನು ಹೊಗಳಿದರು, ಹೊಸದಾಗಿ ಬಂದ ಹುಡುಗಿಯರಿಗೆ ನನ್ನನ್ನು ನೋಡಿ ಕಲಿಯಿರಿ ಎಂದರು. ನಾನು ಹಿಗ್ಗಿದೆ. ಆ ಹಿಗ್ಗನ್ನು ನೆನೆದರೆ ಈಗ ನನಗೆ ನನ್ನ ಮೇಲೆ ಹೇಸಿಗೆಯಾಗುತ್ತದೆ.

ಇಷ್ಟು ಹೇಳಿದ್ದು ವೈನಿಯ ವಿಷಯಕ್ಕೆ ಬರುವುದಕ್ಕಾಗಿ. ವೈನಿ ಎಂದರೆ ನಮ್ಮಣ್ಣನ ಹೆಂಡತಿ. ನನ್ನ ಅವ್ವ ನಾನು ನಾಲ್ಕು ವರ್ಷದವಳಿದ್ದಾಗ ತೀರಿಕೊಂಡಳು. ಮರುವರ್ಷ ಅಣ್ಣನ ಮದುವೆಯಾಯಿತು. ಮದುವೆಯಾಗಿ ಬಂದ ವಾರಕ್ಕೆ ವೈನಿ ನನ್ನ ತಲೆಯ ಹೇನು ತೆಗೆದು, ಎಣ್ಣೆ ಹಚ್ಚಿ, ಎರಡು ಜಡೆ ಹಾಕಿ ಸಾಲಿಗೆ ಕಳಿಸಿದಳು ಎಂದು ಓಣಿಯವರು ಹೇಳುತ್ತಿದ್ದರು. ಆಕೆಗೆ ಮಕ್ಕಳಾಗಲಿಲ್ಲ, ನಾನೇ ಇದ್ದೆ. ನನಗೆ ಹೊಟ್ಟೆ ಕೆಟ್ಟರೆ ನಾಲಿಗೆ ಚಾಚಿಸಿ ನೋಡುತ್ತಿದ್ದಳು, ಹೊಕ್ಕುಳ ಸುತ್ತ ಬೆರಳಿನಿಂದ ಒತ್ತಿ ಎಲ್ಲಿ ನೂಸತೈತಿ ಎಂದು ಕೇಳುತ್ತಿದ್ದಳು. ಸಣ್ಣ ಮಕ್ಕಳು ಹಿತ್ತಲಲ್ಲಿ ಹಗಲೇ ಕೂರುತ್ತಿದ್ದುದರಿಂದ ನನ್ನದನ್ನು ಬಗ್ಗಿ ನೋಡಿ ಹಸಿರು, ಹಳದಿ, ಜಂತು ಎಂದು ಹೇಳಿ ಅದಕ್ಕೆ ತಕ್ಕ ಔಷಧಿ ಅರೆಯುತ್ತಿದ್ದಳು. ನರ್ಸಿಂಗ್ ಕಾಲೇಜಿನಲ್ಲಿ ನನಗೆ ನಾಲ್ಕು ವರ್ಷ ಕಲಿಸಿದ್ದನ್ನು ಆಕೆ ಯಾರಿಂದಲೂ ಕಲಿಯದೆ ಮಾಡುತ್ತಿದ್ದಳು. ಆಕೆಯದನ್ನು ಮಾತ್ರ ಯಾರೂ ನೋಡಿರಲಿಲ್ಲ, ಆಕೆಯೂ ನೋಡಿಕೊಂಡಿರಲಿಲ್ಲ.

ಮೂರು ವರ್ಷದ ಹಿಂದೆ ಯುಗಾದಿಗೆ ಊರಿಗೆ ಹೋದಾಗ ವೈನಿ ಬಿಳಿಚಿಕೊಂಡಿದ್ದಳು. ಹೋಳಿಗೆ ಲಟ್ಟಿಸುತ್ತ ನಡುವೆ ಎರಡು ಸಲ ಗೋಡೆಗೆ ಒರಗಿದಳು. ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದೆ, ರಕ್ತದ ಕೆಂಪೇ ಇರಲಿಲ್ಲ. ಅರ್ಧ ರೊಟ್ಟಿಗೇ ಹೊಟ್ಟೆ ತುಂಬುತ್ತದೆ, ಎದೆ ಉರಿಯುತ್ತದೆ ಅಂದಳು. ನಾನು ರೂಢಿಯಂತೆ ಎಲ್ಲ ಕೇಳಿದೆ. ಸಂಡಾಸ ಕರ್ರಗೆ ಆಗುತ್ತದೇನು ಎಂದಾಗ ಆಕೆ ಲಟ್ಟಣಿಗೆ ಬಿಟ್ಟು ನಕ್ಕಳು, ಅದನ್ನು ಯಾರು ನೋಡಿದ್ದಾರೆ ಎಂದಳು. ಕುಷ್ಟಗಿಯ ಮುದುಕಿಯ ಕಥೆ ಹೇಳಿ, ತಮಾಷೆ ಮಾಡಬೇಡ, ಎರಡು ದಿನ ಬೆಳಕಲ್ಲಿ ಹೋಗಿ ನೋಡು, ಹಾಗೇನಾದರೂ ಕಂಡರೆ ನನಗೆ ಹೇಳು ಎಂದೆ. ಊರ ನಡುವೆ ಹಗಲು ಹೊತ್ತು ಎಲ್ಲಿ ಕೂರಲಿ, ನಿಮ್ಮಣ್ಣನ ಮರ್ಯಾದೆ ಉಳಿಯಬೇಡವೇ ಎಂದಳು. ಅಲ್ಲಿಗೆ ಆ ಮಾತು ನಿಂತಿತು. ಈ ವಯಸ್ಸಿನ ಹೆಂಗಸರಿಗೆ ರಕ್ತ ಕಡಿಮೆ ಇರುವುದು ನಾನು ದಿನಾ ನೋಡುವ ಸಂಗತಿ. ರಕ್ತದ ಗುಳಿಗೆ, ಅಂದರೆ ಕಬ್ಬಿಣದ ಅಂಶದ ಕೆಂಪು ಗುಳಿಗೆ, ಮೂರು ತಿಂಗಳಿಗಾಗುವಷ್ಟು ಕೊಟ್ಟೆ. ಉರಿಗೆ ಗ್ಯಾಸಿನ ಗುಳಿಗೆ ಕೊಟ್ಟೆ. ಒಂದು ದಿನ ಗಂಗಾವತಿಗೆ ಬಾ, ಡಾಕ್ಟರಿಗೆ ತೋರಿಸೋಣ ಎಂದೂ ಹೇಳಿದೆ. ಹೇಳಿದ್ದು ನಿಜ, ಆದರೆ ಬಸ್ ಹತ್ತುವಾಗ ಹೇಳುವ ಮಾತಿನಂತೆ ಹೇಳಿದೆ.

ಯುಗಾದಿಯಾಗಿ ಎರಡೂವರೆ ತಿಂಗಳಿಗೆ, ಕಾರಹುಣ್ಣಿಮೆಯ ಹೊತ್ತಿಗೆ ನನ್ನ ಮಗಳಿಗೆ ಮೈಮೇಲೆ ಅಮ್ಮ ಎದ್ದಿತು. ಆಗ ಆಕೆಗೆ ಆರು ವರ್ಷ. ನನ್ನ ಗಂಡನಿಗೆ ಸಿದ್ದಾಪುರದ ಅಕ್ಕಿ ಗಿರಣಿಯಲ್ಲಿ ಕೆಲಸ, ರಜೆ ಸಿಗಲಿಲ್ಲ. ನನಗೂ ಸಿಗಲಿಲ್ಲ. ಫೋನು ಮಾಡಿದ ಮರುದಿನ ವೈನಿ ಒಂದು ಬುಟ್ಟಿ ಖಡಕ್ ರೊಟ್ಟಿ, ಗುರೆಳ್ಳು ಚಟ್ನಿ ಕಟ್ಟಿಕೊಂಡು ಬಂದಿಳಿದಳು. ಕೂಸಿನ ಹಾಸಿಗೆಗೆ ಬೇವಿನ ಎಲೆ ಹಾಸಿದಳು, ಒಗ್ಗರಣೆ ಹಾಕದೆ ಸಪ್ಪನೆ ಅಡುಗೆ ಮಾಡಿದಳು, ಕೂಸು ಕೆರೆದುಕೊಳ್ಳದಂತೆ ಎರಡೂ ಕೈಗೆ ಕಿನ್ನಾಳದ ಬಣ್ಣದ ಕಟ್ಟಿಗೆಯ ಗಿಳಿ ಕೊಟ್ಟು ಕೂರಿಸಿದಳು. ಹದಿನೈದು ದಿನ ನಮ್ಮ ಮನೆಯಲ್ಲಿದ್ದಳು. ಬಾಡಿಗೆಯ ಮನೆಯಾದರೂ ನಮ್ಮ ಸಂಡಾಸಕ್ಕೆ ಬಿಳಿ ಕಲ್ಲು ಹಾಕಿಸಿದ್ದರು, ದೀಪವಿತ್ತು. ಅಡುಗೆಮನೆಯ ಪಕ್ಕದಲ್ಲೇ ಹೋಗಿ ಕೂರುವುದು ಹೇಗೆ ಎಂದು ಮೊದಲ ಎರಡು ದಿನ ಆಕೆ ಒದ್ದಾಡಿದಳು.

ಮೂರನೆಯದೋ ನಾಲ್ಕನೆಯದೋ ದಿನ ಬೆಳಿಗ್ಗೆ ನಾನು ಕೆಲಸಕ್ಕೆ ಹೊರಟು ಚಪ್ಪಲಿ ಮೆಟ್ಟುತ್ತಿದ್ದೆ. ವೈನಿ ಸಂಡಾಸದಿಂದ ಬ್ರಶ್ಶು ಹಿಡಿದುಕೊಂಡೇ ಹೊರಗೆ ಬಂದಳು, ಸೀರೆಯ ನೆರಿಗೆ ಒದ್ದೆಯಾಗಿತ್ತು. ತಪ್ಪು ಮಾಡಿದವರಂತೆ ನಿಂತಿದ್ದಳು.

"ನಿನ್ನ ಸಂಡಾಸ ಹೊಲಸ ಮಾಡೀನವಾ. ಎಷ್ಟ ನೀರ ಹಾಕಿದ್ರೂ ಹೋಗವಲ್ದು, ಕಲ್ಲಿಗೆ ಹತ್ತಿ ಕುಂತೈತಿ. ನೀ ನೋಡು ಅಂದಿದ್ದೆಲ್ಲ, ನೋಡೀನಿ. ಕರ್ರಗ ಐತಿ."

ನಾನು ಗಡಿಯಾರ ನೋಡಿದೆ. ಅವತ್ತು ಪೈಪಿನ ಖೋಲಿಗೆ ಏಳು ಜನ ಇದ್ದರು. ಚಪ್ಪಲಿಯ ಪಟ್ಟಿ ಎಳೆದುಕೊಳ್ಳುತ್ತ ಹೇಳಿದೆ, "ರಕ್ತದ ಗುಳಿಗಿ ತಗೊಂಡ್ರ ಕರ್ರಗ ಆಗ್ತೈತಿ ವೈನಿ. ಗುಳಿಗಿ ಕೆಲಸ ಮಾಡಾಕತ್ತೈತಿ ಅಂತ ತಿಳಕೋ. ಅಂಜಬ್ಯಾಡ."

ಆಕೆಯ ಮುಖ ಹಗುರಾಯಿತು. ಹಂಗಂದ್ರ ಛಲೋನ ಆತು ಬಿಡು ಎಂದು ಮತ್ತೆ ತಿಕ್ಕಲು ಒಳಗೆ ಹೋದಳು.

ಕಬ್ಬಿಣದ ಗುಳಿಗೆಯಿಂದ ಬಣ್ಣ ಕಪ್ಪಾಗುವುದು ಸುಳ್ಳಲ್ಲ. ಆದರೆ ಅದು ಜಿಗುಟಾಗುವುದಿಲ್ಲ, ಕಲ್ಲಿಗೆ ಹತ್ತುವುದಿಲ್ಲ, ಬ್ರಶ್ಶಿನಿಂದ ತಿಕ್ಕುವಂತೆ ಮಾಡುವುದಿಲ್ಲ. ಕಪ್ಪು ಎಂದ ಕೂಡಲೇ ಜಿಗುಟಿದೆಯೇ, ವಾಸನೆ ಹೇಗಿದೆ ಎಂದು ಕೇಳಬೇಕು. ನಾನು ಹೊಸ ಹುಡುಗಿಯರಿಗೆ ಇದನ್ನೇ ಪಾಠ ಮಾಡುತ್ತೇನೆ. ವೈನಿ ನಾನು ಕೇಳುವ ಮೊದಲೇ ಎಲ್ಲವನ್ನೂ ಹೇಳಿದ್ದಳು, ಕಾಲೇಜಿನ ಪುಸ್ತಕದಲ್ಲಿರುವಷ್ಟು ಸರಿಯಾಗಿ ಹೇಳಿದ್ದಳು. ಆಕೆ ನಾಚಿಕೆಪಟ್ಟು ಹೇಳಿದ್ದನ್ನು ನಾನು ಮನೆ ತೊಳೆಯುವ ಮಾತು ಎಂದು ಕೇಳಿಸಿಕೊಂಡೆ. ಹೆಗಲಿಗೆ ಹಾಕಿಕೊಂಡ ಬ್ಯಾಗಿನಲ್ಲಿ ಪರೀಕ್ಷೆಯ ಖಾಲಿ ಡಬ್ಬಿಗಳು ಎರಡಿದ್ದವು. ಒಂದನ್ನು ಆಕೆಯ ಕೈಗೆ ಕೊಟ್ಟಿದ್ದರೆ ಸಂಜೆಗೆ ಗೊತ್ತಾಗುತ್ತಿತ್ತು.

ಉಳಿದ ದಿನಗಳಲ್ಲಿ ಆಕೆ ಆ ಮಾತನ್ನು ಮತ್ತೆ ಎತ್ತಲಿಲ್ಲ. ನಾನು ಏಳುವ ಮೊದಲೇ ಸಂಡಾಸ ತೊಳೆದಿರುತ್ತಿದ್ದಳು. ಮಗಳು ಸ್ನಾನ ಮಾಡುವಂತಾದ ಮೇಲೆ ಊರಿಗೆ ಹೋಗುವಾಗ ಇನ್ನೂ ಎರಡು ತಿಂಗಳ ಗುಳಿಗೆ ಕೇಳಿ ಇಸಿದುಕೊಂಡಳು. ಗುಳಿಗೆ ಮುಗಿದ ಮೇಲೆ ಫೋನು ಮಾಡಿ ಮತ್ತೆ ತರಿಸಿಕೊಂಡಳು. ಬಸ್ಸಿನ ಕಂಡಕ್ಟರ ಕೈಯಲ್ಲಿ ಕಟ್ಟಿ ಕಳಿಸಿದವಳು ನಾನೇ.

ದೀಪಾವಳಿ ಮುಗಿದ ವಾರ ಹೊಲದಲ್ಲಿ ಹತ್ತಿ ಬಿಡಿಸುತ್ತಿದ್ದಾಗ ವೈನಿ ಬಿದ್ದಳು. ಅಣ್ಣ ಬಾಡಿಗೆ ಜೀಪಿನಲ್ಲಿ ಕೊಪ್ಪಳಕ್ಕೆ ಹೋಗದೆ ನೇರ ನನ್ನ ಆಸ್ಪತ್ರೆಗೇ ಕರೆತಂದ. ತಂಗಿ ಇರುವ ಕಡೆ ಹೋದರೆ ಎಲ್ಲ ಸರಿಯಾಗುತ್ತದೆ ಎಂದು ದಾರಿಯುದ್ದಕ್ಕೂ ಹೇಳಿದನಂತೆ. ಅಣ್ಣ ಮಾತು ಕಡಿಮೆಯ ಮನುಷ್ಯ, ಆದರೆ ನಮ್ಮ ತಂಗಿ ದೊಡ್ಡ ದವಾಖಾನಿಯಾಗ ನರ್ಸ್ ಅದಾಳ ಎನ್ನುವುದನ್ನು ಮಾತ್ರ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕ ಅಪರಿಚಿತರಿಗೂ ಹೇಳುತ್ತಾನೆ. ರಕ್ತ ಪರೀಕ್ಷೆ ಮಾಡಿದರೆ ಇರಬೇಕಾದ ರಕ್ತದಲ್ಲಿ ಅರ್ಧವೂ ಇರಲಿಲ್ಲ. ಎರಡು ಬಾಟಲಿ ಏರಿಸಿ ಮರುದಿನ ಬೆಳಿಗ್ಗೆ ಪೈಪು ಬಿಡುವುದೆಂದಾಯಿತು. ಬೇರೆ ನರ್ಸು ನಿಲ್ಲಲಿ ಎಂದು ಡಾಕ್ಟರು ಹೇಳಿದರು. ನಾನೇ ನಿಲ್ಲುತ್ತೇನೆ ಎಂದೆ.

ಏನಾದರೂ ತಿಂದೀಯೇನು ಎಂದು ಕೇಳಿದೆ. ಏನೂ ತಿಂದಿಲ್ಲ ಎಂದಳು, ಈ ಕೋಣೆಯಲ್ಲಿ ಆ ಮಾತನ್ನು ನಿಜವಾಗಿ ಹೇಳಿದ ಕೆಲವೇ ಜನರಲ್ಲಿ ಆಕೆ ಒಬ್ಬಳು. ಮೂಗುತಿ ತೆಗೆದು ನನ್ನ ಕೈಗೆ ಕೊಟ್ಟಳು. ಗಂಟಲಿಗೆ ಜೋಮು ಹಿಡಿಸುವ ಔಷಧಿ ಹೊಡೆದು ಎಡ ಮಗ್ಗುಲಿಗೆ ಮಲಗಿಸಿದೆ. ಹಲ್ಲುಗಳ ನಡುವೆ ಪ್ಲಾಸ್ಟಿಕ್ ಬಳೆಯಂಥದ್ದನ್ನು ಕಚ್ಚಿಸಿ, ಒಂದು ಕೈಯಿಂದ ಆಕೆಯ ಗದ್ದ ಹಿಡಿದುಕೊಂಡೆ. ಆಕೆ ನನ್ನ ಇನ್ನೊಂದು ಕೈ ಹಿಡಿದಿದ್ದಳು. ಪೈಪು ಇಳಿಯಿತು. ಆಕೆ ಓಕರಿಸಿದಾಗ ಮೂಗಿನಿಂದ ಉಸಿರಾಡು, ಹಾಗೇ, ಹಾಗೇ ಎಂದು ನೂರಾರು ಜನರಿಗೆ ಹೇಳಿದ್ದನ್ನೇ ಹೇಳುತ್ತಿದ್ದೆ. ಟೀವಿಯಲ್ಲಿ ಅನ್ನನಾಳ ಮುಗಿದು ಜಠರ ಕಂಡಿತು. ಒಂದು ಮಗ್ಗುಲಿನ ಪೂರ್ತಿ ಗೋಡೆ ಗಂಟುಗಂಟಾಗಿ ಬೆಳೆದು ನಡುವೆ ಕುಳಿ ಬಿದ್ದಿತ್ತು, ಕುಳಿಯ ಅಂಚಿನಿಂದ ರಕ್ತ ಜಿನುಗುತ್ತಿತ್ತು. ಡಾಕ್ಟರು ಸಣ್ಣ ಚಿಮಟಿಗೆಯಿಂದ ಪರೀಕ್ಷೆಗೆಂದು ಆರು ಚೂರು ತೆಗೆದರು. ಚೂರುಗಳನ್ನು ಹಾಕಿದ ಬಾಟಲಿಗೆ ಚೀಟಿ ಅಂಟಿಸಿ ಹೆಸರು, ವಯಸ್ಸು ಬರೆದೆ. ನನ್ನ ಅಕ್ಷರ ಅಷ್ಟು ನೆಟ್ಟಗೆ ಇದ್ದದ್ದು ನನಗೇ ಆಶ್ಚರ್ಯ.

ಮುಗಿದ ಮೇಲೆ ಆಕೆಯನ್ನು ಕೂರಿಸಿದೆವು. ಅಣ್ಣನನ್ನು ಒಳಗೆ ಕರೆದರು. ಕೇಸ್ ಶೀಟು ನನ್ನ ಕೈಯಲ್ಲಿತ್ತು, ಹಿಂದಿನ ದಿನ ಆಕೆಗೆ ಎಚ್ಚರ ಸರಿಯಾಗಿ ಇರಲಿಲ್ಲವೆಂದು ಪ್ರಶ್ನೆಗಳ ಜಾಗ ಖಾಲಿ ಬಿಟ್ಟಿದ್ದೆವು. ಡಾಕ್ಟರಿಗೆ ನಮ್ಮ ಕಡೆಯ ಮಾತು ಪೂರ್ತಿ ತಿಳಿಯುವುದಿಲ್ಲ, ಮುಖ್ಯವಾದದ್ದನ್ನು ಯಾವಾಗಲೂ ನನ್ನ ಬಾಯಿಂದಲೇ ಕೇಳಿಸುತ್ತಾರೆ. ಮೋಶನ್ ಕಪ್ಪಗೆ ಹೋಗೋದು ಎಷ್ಟು ದಿನದಿಂದ ಅಂತ ಕೇಳಿ ಸಿಸ್ಟರ್ ಎಂದರು. ನಾನು ಕೇಳಬೇಕಾಯಿತು. ಅಣ್ಣ ಗೋಡೆಗೆ ಒರಗಿ, ತಲೆಯ ಪಟಗ ಬಿಚ್ಚಿ ಕೈಯಲ್ಲಿ ಹಿಡಿದು ನಿಂತಿದ್ದ.

"ವೈನಿ, ಕರ್ರಗ ಆಗಾಕತ್ತಿ ಎಷ್ಟ ದಿನ ಆತು?"

ಆಕೆ ನನ್ನನ್ನು ನೋಡಿದಳು. ಆ ಬೆಳಗಿನ ಬ್ರಶ್ಶು, ಒದ್ದೆ ನೆರಿಗೆ, ನನ್ನ ಚಪ್ಪಲಿ ಎಲ್ಲ ಆಕೆಗೂ ನೆನಪಿತ್ತು, ಅದು ಆಕೆಯ ಕಣ್ಣಲ್ಲೇ ಇತ್ತು. ಗುಳಿಗೆಯಿಂದಲ್ಲ ಎನ್ನುವುದು ಆಗ ಆಕೆಗೆ ತಿಳಿದುಹೋಗಿತ್ತು. ನಾನು ಕಾಯುತ್ತಿದ್ದೆ. ಹೇಳಿಬಿಡಲಿ ಎಂದು ಒಂದು ಮನಸ್ಸು, ಹೇಳದಿರಲಿ ಎಂದು ಇನ್ನೊಂದು. ಎರಡನೆಯದೇ ಹೆಚ್ಚಿತ್ತೆಂದು ಇಲ್ಲಾದರೂ ಒಪ್ಪಿಕೊಳ್ಳುತ್ತೇನೆ. ಆಕೆ ಅಣ್ಣನ ಕಡೆ ಒಮ್ಮೆ ನೋಡಿ, ಜೋಮು ಹಿಡಿದ ನಾಲಿಗೆಯಿಂದ ನಿಧಾನವಾಗಿ ಹೇಳಿದಳು.

"ಯಾರಿಗೆ ಗೊತ್ತವಾ. ಕತ್ತಲದಾಗ ಹೋಗ್ತೀವಿ, ಕತ್ತಲದಾಗ ಬರ್ತೀವಿ. ನಾ ಯಾವತ್ತೂ ನೋಡಿಲ್ಲ."

ಡಾಕ್ಟರು ತಲೆಯಾಡಿಸಿದರು. ಇದೇ ಉತ್ತರವನ್ನು ಅವರು ನನ್ನಿಂದ ಎಷ್ಟೋ ಸಲ ಕೇಳಿದ್ದರು. ಬರೆದುಕೊಳ್ಳಿ ಎಂದರು. ಶೀಟಿನಲ್ಲಿ ಆ ಜಾಗದಲ್ಲಿ ಇಂಗ್ಲಿಷಿನಲ್ಲಿ ಬರೆದೆ, ಕನ್ನಡದಲ್ಲಿ ಹೇಳುವುದಾದರೆ, ರೋಗಿ ಗಮನಿಸಿಲ್ಲ. ಕೆಳಗೆ ನನ್ನ ಸಹಿ ಹಾಕಿದೆ. ಅಣ್ಣನಿಗೆ ದುಃಖವೂ ಸಿಟ್ಟಾಗಿಯೇ ಬರುತ್ತದೆ. ಇಷ್ಟು ದಿನ ಮೈಯಲ್ಲಿ ಏನಾಗುತ್ತಿದೆ ಎನ್ನುವ ಖಬರು ಬೇಡವೇ, ಮನೆಯಲ್ಲಿ ನರ್ಸಿನಂಥ ನರ್ಸು ಇದ್ದೂ ಬಾಯಿ ಬಿಡಲಿಲ್ಲವಲ್ಲ ಎಂದು ಅಲ್ಲೇ ಆಕೆಯನ್ನು ಬೈದ. ಆಕೆ ತಪ್ಪಾಯಿತು ಎನ್ನುವಂತೆ ತಲೆ ತಗ್ಗಿಸಿ ಕೂತಿದ್ದಳು. ನಾನು ಆಕೆಯ ಸೆರಗಿನಿಂದಲೇ ಆಕೆಯ ಬಾಯಿಯ ಜೊಲ್ಲು ಒರೆಸಿದೆ. ಅದಕ್ಕಿಂತ ಹೆಚ್ಚಿನದೇನೂ ನನ್ನಿಂದ ಆಗಲಿಲ್ಲ.

ಚೂರಿನ ವರದಿ ಬಂತು, ಕ್ಯಾನ್ಸರ್. ಹುಬ್ಬಳ್ಳಿಗೆ ಕರೆದುಕೊಂಡು ಹೋದೆವು. ಅಲ್ಲಿನ ದೊಡ್ಡ ಡಾಕ್ಟರು ಸ್ಕ್ಯಾನ್ ನೋಡಿ, ಯಕೃತ್ತಿಗೂ ಹಬ್ಬಿದೆ, ಆಪರೇಶನ್ನಿನ ಹಂತ ದಾಟಿದೆ ಎಂದರು. ನಾನೂ ಆಸ್ಪತ್ರೆಯವಳೆಂದು ತಿಳಿದು ನನ್ನನ್ನು ಪಕ್ಕಕ್ಕೆ ಕರೆದು, ಇನ್ನೊಂದು ಐದಾರು ತಿಂಗಳು ಮೊದಲೇ ಸಿಕ್ಕಿದ್ದರೆ ಕತ್ತರಿಸಿ ತೆಗೆಯಬಹುದಿತ್ತೇನೋ ಎಂದು ಸಹಜವಾಗಿ ಹೇಳಿದರು. ಕಾರಹುಣ್ಣಿಮೆಯಿಂದ ಆ ದಿನಕ್ಕೆ ತಿಂಗಳು ಎಣಿಸಿದೆ. ಆಸ್ಪತ್ರೆಯ ಹೊರಗೆ ಅಣ್ಣ ಎಳನೀರು ಕೊಚ್ಚಿಸುತ್ತಿದ್ದ. ಅವನ ಮುಖ ನೋಡುವುದು ಸಾಧ್ಯವಾಗದೆ ನಾನು ಹಿಂದಿನ ಬಾಗಿಲಿನಿಂದ ಹೋಗಿ ಸ್ವಲ್ಪ ಹೊತ್ತು ಸೈಕಲ್ ನಿಲ್ಲಿಸುವ ಕಡೆ ನಿಂತಿದ್ದೆ.

ಆಮೇಲೆ ವೈನಿಯನ್ನು ಊರಿಗೇ ಕರೆದೊಯ್ದೆವು. ನಾನು ರಜೆ ಹಾಕಿ ಹೋಗಿ ನೋಡಿಕೊಂಡೆ. ಸಂಡಾಸದೊಳಗಿನ ಕುಳ್ಳು, ಕಟ್ಟಿಗೆ ಎಲ್ಲ ಅಣ್ಣ ಒಬ್ಬನೇ ಹೊರಗೆ ಹಾಕಿ, ಸುಣ್ಣ ಬಳಿದು, ಬಲ್ಬು ಹಾಕಿಸಿದ. ಅಷ್ಟು ಹೊತ್ತಿಗೆ ಆಕೆಗೆ ಅಲ್ಲಿಗೆ ನಡೆಯುವ ಶಕ್ತಿ ಇರಲಿಲ್ಲ, ಹಾಸಿಗೆಯಲ್ಲೇ ಎಲ್ಲ. ನಾನು ಬಟ್ಟೆ ಬದಲಿಸುತ್ತಿದ್ದೆ. ಪ್ರತಿ ಸಲವೂ ಹಗಲ ಬೆಳಕಲ್ಲಿ ನಾನು ನೋಡಲೇಬೇಕಿತ್ತು. ಕಪ್ಪು, ಜಿಗುಟು, ಡಾಂಬರಿನ ಹಾಗೆ. ಒಂದು ಮಧ್ಯಾಹ್ನ ಮನೆಯಲ್ಲಿ ಯಾರೂ ಇಲ್ಲದಾಗ ಆಕೆಯ ಕಾಲ ಬಳಿ ಕೂತು, ನಾನು ಅಣ್ಣನಿಗೆ ಹೇಳಿಬಿಡುತ್ತೇನೆ, ನೀನು ನನಗೆ ಹೇಳಿದ್ದೆ ಎಂದು ಅತ್ತೆ. ಕ್ಷಮಿಸು ಎನ್ನುವ ಮಾತು ನಮ್ಮ ಮನೆಯಲ್ಲಿ ಯಾರೂ ಯಾರಿಗೂ ಹೇಳಿದ್ದಿಲ್ಲ, ಅದು ನನ್ನ ಬಾಯಿಗೆ ಬರಲಿಲ್ಲ.

ವೈನಿ ನನ್ನ ತಲೆಯ ಮೇಲೆ ಕೈಯಿಟ್ಟಳು. ಆ ಕೈಯಲ್ಲಿ ಮಾಂಸವೇ ಇರಲಿಲ್ಲ.

"ಏನೂ ಹೇಳಬ್ಯಾಡ," ಅಂದಳು. "ನಾ ಹೋದ ಮ್ಯಾಲೆ ಅವಗ ನಿನ್ನ ಬಿಟ್ರ ಯಾರ ಅದಾರ? ಹಬ್ಬ ಹುಣ್ಣಿವಿಗೆ ನಿನ್ನ ಮನಿಗೆ ಬಂದು ಎರಡು ತುತ್ತು ಉಣ್ಣಬೇಕಲ್ಲ ಅಂವ. ಹೇಳಿದ್ರ ಬರಾಂಗಿಲ್ಲ."

ಅಷ್ಟೇ. ಸಿಟ್ಟು ಮಾಡಿಕೊಂಡಿದ್ದರೆ, ಒಂದು ಮಾತು ಬೈದಿದ್ದರೆ ನಾನು ಅದನ್ನು ಹಿಡಿದುಕೊಂಡು ಬದುಕುತ್ತಿದ್ದೆ. ಆಕೆ ನನಗೆ ಏನೂ ಉಳಿಸಲಿಲ್ಲ. ಮುಂದಿನ ಯುಗಾದಿಗೆ ಇನ್ನೂ ಹದಿನೆಂಟು ದಿನ ಇರುವಾಗ ತೀರಿಕೊಂಡಳು.

ನಾನು ಈಗಲೂ ಅದೇ ಕೋಣೆಯಲ್ಲಿ ಕೆಲಸ ಮಾಡುತ್ತೇನೆ. ಕುಷ್ಟಗಿಯಿಂದ, ಆನೆಗೊಂದಿಯಿಂದ, ನಮ್ಮೂರ ಕಡೆಯಿಂದ ಹೆಂಗಸರು ಬರುತ್ತಾರೆ. ಕೊನೆಯ ಪ್ರಶ್ನೆ ಕೇಳುವಾಗ ಪೆನ್ನು ಕೆಳಗಿಡುತ್ತೇನೆ. ಕೆಲವರು ನೋಡಿಲ್ಲ ಎನ್ನುತ್ತಾರೆ, ಕೆಲವರು ನೋಡಿಯೂ ಹೇಳುವುದಿಲ್ಲ. ಯಾರನ್ನೂ ಈಗ ಬೈಯುವುದಿಲ್ಲ. ನನ್ನ ಸಿಟ್ಟು ಎಲ್ಲಿ ಹೋಯಿತು ಎಂದು ಆಯಾ ಕೇಳುತ್ತಾಳೆ. ಒಳ್ಳೆಯ ನರ್ಸು ಎಂದು ಈಗ ಮೊದಲಿಗಿಂತ ಹೆಚ್ಚು ಹೊಗಳುತ್ತಾರೆ, ಒಬ್ಬಳು ಸತ್ತ ಮೇಲೆ ಬಂದ ಒಳ್ಳೆಯತನ ಇದೆಂದು ಅವರಿಗೆ ಗೊತ್ತಿಲ್ಲ.

ಹೋದ ಮಹಾನವಮಿ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡಲು ಅಣ್ಣ ನಮ್ಮ ಮನೆಗೇ ಬಂದ, ಅವನ ಮನೆಯಲ್ಲಿ ಅಡುಗೆ ಮಾಡುವವರಿಲ್ಲ. ವೈನಿಗೆಂದು ಹಸಿರು ಸೀರೆ ತಂದಿದ್ದ. ಸೀರೆಯನ್ನು ಹೋಳಿಗೆಯ ಎಡೆಯ ಮುಂದಿಟ್ಟು ಊದಿನಕಡ್ಡಿ ಹಚ್ಚಿದೆವು. ನಂತರ ಅವನನ್ನು ಊಟಕ್ಕೆ ಕೂರಿಸಿದೆ. ಎರಡನೇ ಹೋಳಿಗೆಗೆ ತುಪ್ಪ ಹಾಕುವಾಗ ಅವನು ಎಲೆ ನೋಡುತ್ತ ಹೇಳಿದ, ಬಂದಾಗಲೆಲ್ಲ ಹೇಳುವ ಮಾತು ಅದು.

"ನನಗ ಹೇಳಾಕ ನಾಚಿಕಿ ಬಂದಿರಬೇಕು, ಹೋಗ್ಲಿ. ನಿನಗರ ಒಂದು ಮಾತು ಹೇಳಬೇಕಿತ್ತಲ್ಲವಾ ಆಕಿ. ಹೇಳಿದ್ರ ನೀ ಬದುಕಿಸ್ತಿದ್ದಿ."

ಕೈಯಲ್ಲಿ ತುಪ್ಪದ ಮಿಳ್ಳೆ ಹಾಗೇ ಇತ್ತು. ಹಸಿರು ಸೀರೆ ಅವನ ಬೆನ್ನ ಹಿಂದೆ ಇತ್ತು, ನನಗೆ ಎದುರಿಗೆ.

"ಹೌದಣ್ಣಾ," ಅಂದೆ. "ಹೇಳಬೇಕಿತ್ತು."

ಅವನು ಹೋಳಿಗೆ ಮುರಿದು ತಿಂದ.